ಸೂರತ್‌ವರೆಗೆ ಓದಿದ ಪುಸ್ತಕ

ತಗಡಿನ ಟ್ರಂಕನ್ನು ಕಲ್ಲುಹಾಸಿನ ಮೇಲೆ ಎಳೆಯುವ ಕರ್‌ರ್ ಎಂಬ ಸದ್ದು. ಹಲ್ಲು ಜುಮ್ಮೆನ್ನುತ್ತಿತ್ತು. ಅರವತ್ತರ ದಶಕದ ಅಹಮದಾಬಾದ್ ಎಂದರೆ ಬೇರೆಯವರಿಗೆ ಮಿಲ್ಲುಗಳ ಸೈರನ್ ನೆನಪಾಗುತ್ತದೆ. ನನಗೆ ನೆನಪಾಗುವುದು ಇದು. ಆ ತಿಂಗಳು ಕನ್ನಡ ಪುಸ್ತಕಗಳು ನಮ್ಮ ಮನೆಗೆ ಬಂದವು ಎಂದು ಅದರ ಅರ್ಥ.

ಬ್ಯಾಂಕಿನವರು, ಇನ್ಶೂರೆನ್ಸಿನವರು, ನಮ್ಮಂಥ ರೈಲ್ವೆಯವರು, ಎಲ್ಲ ಸೇರಿ ಏಳೆಂಟು ಕನ್ನಡ ಮನೆಗಳಿಗೆ ಆ ಟ್ರಂಕೇ ಲೈಬ್ರರಿ. ರಜೆಗೆ ಊರಿಗೆ ಹೋದವರು ತಂದ ಕಾದಂಬರಿಗಳೆಲ್ಲ ಅದರೊಳಗೆ. ತಿಂಗಳಿಗೊಂದು ಮನೆ. ಮುಂದಿನ ಮನೆಗೆ ಕಳಿಸುವ ಮೊದಲು ಮನೆಯೊಡತಿ ಜೊತೆಯಲ್ಲಿದ್ದ ನೋಟ್‌ಬುಕ್ಕಿನಲ್ಲಿ ಪ್ರತಿ ಪುಸ್ತಕದ ಬಗ್ಗೆ ಎರಡು ಸಾಲು ಬರೆದು ಸಹಿ ಹಾಕಬೇಕು. ಈ ರೂಲು ಮಾಡಿದವರು ನಮ್ಮ ಎದುರು ಮನೆಯ ಧಾರವಾಡದ ಮಾವಶಿ. ನೆಂಟರೇನಲ್ಲ, ಮಕ್ಕಳಿಲ್ಲದ ಅವರನ್ನು ಎಲ್ಲ ಮನೆಯ ಮಕ್ಕಳೂ ಚಿಕ್ಕಮ್ಮ ಎನ್ನುವ ಹಾಗೆ ಮಾವಶಿ ಎಂದೇ ಕರೆಯುತ್ತಿದ್ದೆವು. ನೋಟ್‌ಬುಕ್ಕಿನ ತುಂಬ ಒಂದೇ ಮಾತು ಇರುತ್ತಿತ್ತು: ‘ಓದಿದೆ. ಚೆನ್ನಾಗಿದೆ. ಕಣ್ಣೀರು ಬಂತು.’

ನನಗೆ ಸಿಟ್ಟು ಬರುತ್ತಿತ್ತು. ಆಗ ನನಗೆ ಹದಿನಾರು. ಕಾನ್ವೆಂಟಿನಲ್ಲಿ ಕಲಿತವಳು, ಕನ್ನಡವನ್ನು ಅಕ್ಷರದ ಕೆಳಗೆ ಬೆರಳಿಟ್ಟೇ ಓದಬೇಕು. ಅಷ್ಟು ಕಷ್ಟಪಟ್ಟು ಓದಿದರೆ, ಮೊದಲ ಅಧ್ಯಾಯದಲ್ಲಿ ಸೈಕಲ್ ತುಳಿದ ಹುಡುಗಿ ಕೊನೆಯ ಅಧ್ಯಾಯದಲ್ಲಿ ಯಾರದೋ ಕಾಲು ಹಿಡಿದು ಕ್ಷಮೆ ಕೇಳುತ್ತಿದ್ದಳು. ಸಿಸ್ಟರ್‌ಗಳು ಕೊಡುತ್ತಿದ್ದ ಇಂಗ್ಲಿಷ್ ನಾವೆಲ್‌ಗಳೂ ಅಷ್ಟೇ. ಅಲ್ಲಿ ಅಳು ಕಡಿಮೆ, ಚಹಾ ಜಾಸ್ತಿ. So disappointing!

ನಾನು ಹುಡುಕುತ್ತಿದ್ದುದು ಬಹಳ ಸಣ್ಣ ಸಂಗತಿ. ಬರೋಡದ ಯೂನಿವರ್ಸಿಟಿಯಲ್ಲಿ ಬಟ್ಟೆ, ನೇಯ್ಗೆಗಳ ಬಗ್ಗೆ ಕಲಿಸುವ ಕೋರ್ಸ್ ಇತ್ತು, ಹುಡುಗಿಯರ ಹಾಸ್ಟೆಲ್ ಇತ್ತು. ಅಪ್ಪ ಬೇಡ ಎಂದಿದ್ದರು. “ಇಲ್ಲೇ ನವರಂಗಪುರದಲ್ಲಿ ಕಾಲೇಜಿಲ್ವಾ? ಬಸ್ಸು ಮನೆ ಬಾಗಿಲಿಗೇ ಬರುತ್ತೆ.” ಬಾಗಿಲಿಗೇ ಬರುವ ಆ ಬಸ್ಸೇ ನನಗೆ ಬೇಡವಾಗಿತ್ತು, ಅದನ್ನು ಹೇಳುವುದು ಹೇಗೆ? ಮನೆ ಬಿಟ್ಟು ಹೋಗಿ, ಹಾಸ್ಟೆಲಿನ ನೀರು ದಾಲ್ ಉಂಡು, ಭಾನುವಾರ ಮನೆಗೆ ಕಾಗದ ಬರೆದು, ಸುಮ್ಮನೆ ಚೆನ್ನಾಗಿದ್ದ ಒಬ್ಬ ಹುಡುಗಿಯನ್ನು ಪುಸ್ತಕದಲ್ಲಿ ತೋರಿಸಿ ಅಪ್ಪನ ಬಾಯಿ ಮುಚ್ಚಿಸಬೇಕೆಂದಿದ್ದೆ. ಅಂಥವಳೊಬ್ಬಳೂ ಸಿಗಲಿಲ್ಲ.

ಆ ಸಲ ಅಮ್ಮನಿಗೆ ಓದಲು ಪುರಸೊತ್ತಾಗಿರಲಿಲ್ಲ. “ನೀನೇ ಏನಾದ್ರೂ ಎರಡು ಸಾಲು ಗೀಚೇ, ಸಹಿ ನಾನ್ ಹಾಕ್ತೀನಿ” ಎಂದರು. ಗೀಚಿದೆ. ಅಮ್ಮ ಓದದೆ ಸಹಿ ಹಾಕಿದರು.

ಮುಂದಿನ ಭಾನುವಾರ ಮಾವಶಿ ನೋಟ್‌ಬುಕ್ ಹಿಡಿದು ಬಂದರು. ಅಪ್ಪ ಪೇಪರ್ ಓದುತ್ತಿದ್ದರು. ಅವರೆದುರೇ ಕನ್ನಡಕ ಏರಿಸಿ ಓದಿದರು: “‘ಇದು ಸುಳ್ಳು ಕತೆ. ಬಿ.ಎ. ಪಾಸು ಮಾಡಿದವಳಿಗೆ ಒಂದು ರೈಲು ಟಿಕೆಟ್ ತೆಗೆದುಕೊಂಡು ಗಂಡನ ಮನೆ ಬಿಟ್ಟು ಹೋಗಲು ಬರುವುದಿಲ್ಲವೇ?’ ಏನ್ರೀ, ಎತ್ತಾಗ ಹೊಂಟೀರಿ ರಾಯರನ್ನ ಬಿಟ್ಟು?”

ಅಮ್ಮನ ಮುಖ ಕೆಂಪಾಯಿತು. ನನ್ನ ಕಡೆ ನೋಡಿದರು. ಆಮೇಲೆ ನಿಧಾನವಾಗಿ, “ಬರೆದವಳು ಅವಳು. ಸಹಿ ನಂದೇ. ಇರಲಿ ಬಿಡಿ, ಸರಿಯಾಗೇ ಬರೆದಿದಾಳೆ” ಎಂದರು.

ಅಪ್ಪ ಪೇಪರ್ ಕೆಳಗಿಟ್ಟರು. ಮಾವಶಿ ನನ್ನತ್ತ ತಿರುಗಿದರು. “ರೇಲ್ವೆದವ್ರ ಮಗಳು ನೀ. ಹುಟ್ಟಿದಾಗಿಂದ ಅಪ್ಪನ ಪಾಸಿನ ಮ್ಯಾಲೆ ತಿರುಗಾಕಿ. ಒಂದರೆ ಟಿಕೀಟು ತಗೊಂಡೀಯೇನ?”

ನಿಜ. ಟಿಕೆಟ್ ಕಿಟಕಿ ಹೇಗಿರುತ್ತದೆಂದೇ ನನಗೆ ಗೊತ್ತಿರಲಿಲ್ಲ.

“ರಾಯರ, ಕಳಸ್ರಿ ಒಮ್ಮೆ,” ಎಂದರು ಮಾವಶಿ. “ಪಾಸ್ ಬ್ಯಾಡ. ತಾನ ಟಿಕೀಟು ತಗೀಲಿ, ಬರೋಡಕ್ಕ ಹೋಗಿ ಫಾರ್ಮ್ ತರಲಿ, ಸಂಜೀಕ ಮನಿಗೆ ಬರಲಿ. ಬಂದ್ಲಂದ್ರ ಓದಸ್ರಿ. ಇಲ್ಲಾಂದ್ರ ನವರಂಗಪುರ ಎಲ್ಲೂ ಓಡಿ ಹೋಗೂದಿಲ್ಲ.”

ಅಪ್ಪ “ಆಗಲಿ” ಎಂದರು. ಸೋಲುತ್ತಾಳೆ ಎಂದುಕೊಂಡಿರಬೇಕು.

ಜೂನ್ ತಿಂಗಳು. ಬೆಳಗಿನ ಗಾಡಿ. ಅಮ್ಮ ಕೊಟ್ಟ ದುಡ್ಡು ಕರ್ಚೀಫಿನ ಗಂಟಿನಲ್ಲಿ. ಕಿಟಕಿಯಲ್ಲಿ ಊರಿನ ಹೆಸರನ್ನು ಎರಡು ಸಲ ಹೇಳಿ ಟಿಕೆಟ್ ತೆಗೆದುಕೊಂಡೆ. ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಕೂತು ಬ್ಯಾಗಿನಿಂದ ಒಂದು ಇಂಗ್ಲಿಷ್ ನಾವೆಲ್ ತೆಗೆದೆ. ಅದೇ ತಪ್ಪಾಯಿತು. ಸ್ವಂತ ಟೋಪಿ ಅಂಗಡಿ ತೆರೆದ ಹುಡುಗಿಯ ಕತೆ. ಕೊನೆಗೂ ಸಿಕ್ಕಳಲ್ಲ ಎಂದು ಮೈಮರೆತು ಓದಿದೆ. ಗಾಡಿ ಎಲ್ಲೋ ನಿಂತಿತು, ಜನ ಇಳಿದರು, ಹತ್ತಿದರು. ನಾನು ತಲೆ ಎತ್ತಲಿಲ್ಲ. ಕೊನೆಯ ಪುಟದಲ್ಲಿ ಅವಳು ಅಂಗಡಿಯ ಬೀಗದ ಕೈಯನ್ನು ಗಂಡನ ಕೈಗಿತ್ತು ನೆಮ್ಮದಿಯ ನಿಟ್ಟುಸಿರಿಟ್ಟಳು. ಥೂ ಎಂದು ಪುಸ್ತಕ ಮುಚ್ಚಿದಾಗ ಗಾಡಿ ದಡದಡ ಸದ್ದು ಮಾಡುತ್ತ ದೊಡ್ಡ ಸೇತುವೆಯ ಮೇಲಿತ್ತು. ಕೆಳಗೆ ನರ್ಮದೆ.

“ವಡೋದರಾ?” ಎಂದು ಎದುರಿನ ಹೆಂಗಸನ್ನು ಕೇಳಿದೆ.

“ವಡೋದರಾ ತೋ ಕ್ಯಾರನು ಗಯೂ, ಬೆನ್!” ಎಂದು ಆಕೆ ಕೈ ಬೀಸಿ ಹಿಂದಕ್ಕೆ ತೋರಿಸಿದಳು. ಬರೋಡ ಯಾವಾಗಲೋ ಹೋಗಿತ್ತು. ಇನ್ನು ಗಾಡಿ ನಿಲ್ಲುವುದು ಸೂರತ್‌ನಲ್ಲಿ.

ಸೂರತ್ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಐದು ನಿಮಿಷ ಅತ್ತೆ. ಆಮೇಲೆ ಗೇಟಿನಲ್ಲಿದ್ದ ಟಿ.ಸಿ.ಯ ಹತ್ತಿರ ಹೋಗಿ, ಅರ್ಧ ಹಿಂದಿ ಅರ್ಧ ಗುಜರಾತಿಯಲ್ಲಿ, ಓದುತ್ತಾ ಮುಂದೆ ಬಂದುಬಿಟ್ಟೆ ಎಂದು ಹೇಳಿದೆ. ಅಪ್ಪನ ಹೆಸರು, ಆಫೀಸು ಹೇಳಿದ್ದರೆ ಆತ ನಕ್ಕು ಬಿಟ್ಟುಬಿಡುತ್ತಿದ್ದ, ಬಹುಶಃ ಚಹಾ ಕೂಡ ಕೊಡಿಸುತ್ತಿದ್ದ. ಹೆಸರು ನಾಲಗೆಯ ತುದಿಯವರೆಗೂ ಬಂದಿತ್ತು. ಹೇಳಲಿಲ್ಲ. ಹೇಳಿದರೆ ಅದೂ ಪಾಸಿನ ಹಾಗೇ ಅಲ್ಲವೇ? ಊಟಕ್ಕಿಟ್ಟುಕೊಂಡಿದ್ದ ದುಡ್ಡಿನಲ್ಲಿ ದಂಡ ಕಟ್ಟಿ, ರಸೀದಿ ತೆಗೆದುಕೊಂಡು, ಮತ್ತೆ ಟಿಕೆಟ್ ಕಿಟಕಿಗೆ ಹೋದೆ. ಈ ಬಾರಿ ಊರಿನ ಹೆಸರನ್ನು ಒಂದೇ ಸಲ ಹೇಳಿದೆ.

ಬರೋಡ ತಲುಪುವಾಗ ಮೂರು ಗಂಟೆ. ಕಚೇರಿಯ ಗುಮಾಸ್ತ ಇನ್ನೇನು ಕಿಟಕಿ ಮುಚ್ಚಬೇಕು, ಓಡಿ ಹೋಗಿ ಫಾರ್ಮ್ ಇಸಿದುಕೊಂಡೆ. ವಾಪಸು ಬರುವಾಗ ಬ್ಯಾಗಿನಿಂದ ಏನನ್ನೂ ತೆಗೆಯಲಿಲ್ಲ. ಒಂದು ಸುಳ್ಳನ್ನು ಮಾತ್ರ ತಯಾರು ಮಾಡಿಕೊಂಡೆ: ಕಚೇರಿಯಲ್ಲಿ ದೊಡ್ಡ ಕ್ಯೂ ಇತ್ತು.

ಅಹಮದಾಬಾದಿನಲ್ಲಿ ದೀಪ ಹತ್ತಿತ್ತು. ಅಪ್ಪನೂ ಮಾವಶಿಯೂ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಬರೋಡದ ಕಡೆಯಿಂದ ಬಂದ ಮೂರು ಗಾಡಿಗಳನ್ನು ಆಗಲೇ ನೋಡಿಬಿಟ್ಟಿದ್ದರಂತೆ. ಅಪ್ಪನ ಶರ್ಟು ಬೆವರಿನಿಂದ ಬೆನ್ನಿಗೆ ಅಂಟಿತ್ತು. ಅದನ್ನು ನೋಡಿದ ಮೇಲೆ ಸುಳ್ಳು ಹೇಳಲಾಗಲಿಲ್ಲ.

“ಸೂರತ್‌ಗೆ ಹೋಗ್ಬಿಟ್ಟಿದ್ದೆ, ಅಪ್ಪಾ. ಪುಸ್ತಕ ಓದ್ತಾ ಇದ್ದೆ.”

“ಅಯ್ಯ ಶಿವನ! ಪುಸ್ತಕರೆ ಛಲೋ ಇತ್ತೇನ?” ಎಂದರು ಮಾವಶಿ.

“ಇಲ್ಲ ಮಾವಶಿ. ಕೆಟ್ಟದಾಗಿತ್ತು.”

ಅಪ್ಪ ನಗಲಿಲ್ಲ. ರಸೀದಿಯನ್ನು ಇಸಿದುಕೊಂಡು ದೀಪದ ಕೆಳಗೆ ಹಿಡಿದು ಎರಡು ಸಲ ಓದಿದರು. “ನನ್ನ ಹೆಸರು ಹೇಳಲಿಲ್ವಾ?”

“ಇಲ್ಲ.”

ರಸೀದಿ ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಮನೆಗೆ ಬಂದು ಕೈಕಾಲು ತೊಳೆದು, ಊಟಕ್ಕೆ ಮೊದಲೇ ಪೆನ್ನು ತೆಗೆದು ಫಾರ್ಮಿಗೆ ಸಹಿ ಹಾಕಿದರು. “ಹಾಸ್ಟೆಲ್‌ಗೆ ಹೋಗುವಾಗ ಓದ್ಬೇಡ. ಬರೋಡದಲ್ಲಿ ಇಳಿ,” ಎಂದರು. ಅಷ್ಟೇ. ಅಮ್ಮ ಒಳಗೆ ಹೋಗಿ ಒಂದು ಸಲ ಮೂಗು ಒರೆಸಿಕೊಂಡು ಬಂದು ಬಡಿಸಿದರು.

ಹಾಸ್ಟೆಲಿನ ದಾಲ್ ನೀರಾಗಿಯೇ ಇತ್ತು. ಮೊದಲ ವಾರ ಅತ್ತೆ, ಎರಡನೆಯ ವಾರ ಮರೆತೆ.

ಎರಡನೆಯ ವರ್ಷ ಮಾವಶಿಯ ಯಜಮಾನರಿಗೆ ಹುಬ್ಬಳ್ಳಿಗೆ ವರ್ಗವಾಯಿತು. ತಾವು ಹೋಗುವ ಬೊಂಬಾಯಿಯ ಗಾಡಿ ಬರೋಡದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಬಾ ಎಂದು ಕಾಗದ ಬರೆದಿದ್ದರು. ಕ್ಲಾಸು ಬಿಟ್ಟು ಹೋದೆ. ಮಾವಶಿ ಕಿಟಕಿಯ ಸರಳುಗಳ ನಡುವಿನಿಂದ ಕೈ ಹೊರಹಾಕಿ ನನ್ನ ಗಲ್ಲ ಸವರಿದರು. ಎದುರು ಸೀಟಿನ ಗುಜರಾತಿ ಹೆಂಗಸರಿಗೆ, ಅವರಿಗೆ ಅರ್ಥವಾಗುತ್ತದೋ ಇಲ್ಲವೋ ನೋಡದೆ, ಧಾರವಾಡದ ಕನ್ನಡದಲ್ಲೇ ಹೇಳಿದರು: “ನಮ್ಮ ಹುಡುಗಿ. ಇಲ್ಲೇ ಒಬ್ಬಾಕೀನ ಇರ್ತಾಳ್ರಿ.” ಹೆಂಗಸರು ತಲೆಯಾಡಿಸಿದರು.

ತಂಬಿಗೆ ಕೊಟ್ಟು ನೀರು ತರಲು ಹೇಳಿದರು. ನಲ್ಲಿಯ ಹತ್ತಿರ ಜನ. ನನ್ನ ಸರದಿ ಬರುವಷ್ಟರಲ್ಲಿ ಗಾಡಿ ಹೊರಟುಬಿಟ್ಟಿತು. ತುಂಬಿದ ತಂಬಿಗೆ ಹಿಡಿದು ಓಡಿದೆ. ಅರ್ಧ ನನ್ನ ಸೀರೆಯ ಮೇಲೆ ಚೆಲ್ಲಿತು, ಉಳಿದರ್ಧ ಹೇಗೋ ಅವರ ಕೈ ಸೇರಿತು.

“ಓಡಬ್ಯಾಡಽ! ಬೀಳ್ತಿ ನೋಡು, ನಿಲ್ಲು ಅಲ್ಲೇ!” ಎಂದು ಬೈಯುತ್ತಲೇ ಇದ್ದರು. ನಾನು ನಿಂತೆ. ಬೈಗುಳ ಕೇಳಿಸದಷ್ಟು ದೂರ ಹೋದ ಮೇಲೂ ಅವರ ಕೈ ಕಿಟಕಿಯ ಹೊರಗೇ ಇತ್ತು.