ಬೆಣ್ಣೆ ಡ್ರೈವರು ಗ್ರಾಫಿಕ್ಸ್ ಕಾರ್ಡ್ ಕೊಂಡದ್ದು

ಹದಿನೇಳನೇ ನಂಬರ್ ಬಸ್ಸಿನಲ್ಲಿ ಒಮ್ಮೆಯಾದರೂ ಕೂತವರಿಗೆ ಬೆಣ್ಣೆ ಡ್ರೈವರು ಯಾರೆಂದು ಹೇಳಬೇಕಾಗಿಲ್ಲ. ಇಪ್ಪತ್ತಾರು ವರ್ಷ ಒಂದೇ ದಾರಿ. ಡಿಪೋದಿಂದ ಹೊರಟು, ಮಾರುಕಟ್ಟೆ ಬಳಸಿ, ಒಂಬತ್ತು ತಿರುವು ಹತ್ತಿ ಗುಡ್ಡದ ಮೇಲಿನ ಆಸ್ಪತ್ರೆಗೆ. ಆಸ್ಪತ್ರೆಗೆ ಹೋಗುವ ಬಸ್ಸೆಂದ ಮೇಲೆ ದಿನ ತುಂಬಿದ ಬಸುರಿಯರು, ಹೊಲಿಗೆ ಹಾಕಿಸಿಕೊಂಡವರು, ಮುರಿದ ಕಾಲಿನವರು ಇದ್ದೇ ಇರುತ್ತಾರೆ. ಅವರಿಗೆಲ್ಲ ಬಸ್ಸು ನಿಂತಿತೆಂಬುದು ಕಿಟಕಿಯಾಚೆ ನೋಡಿದಾಗಲೇ ತಿಳಿಯುತ್ತಿತ್ತು. ಬ್ರೇಕು ಅಷ್ಟು ನುಣುಪು. ಉಳಿದ ಡ್ರೈವರುಗಳು ಹೊಟ್ಟೆಕಿಚ್ಚಿಗೆ ಇಟ್ಟ ಹೆಸರನ್ನು ಅವರು ಬಿರುದೆಂದು ತಿಳಿದು ಹೊತ್ತುಕೊಂಡು ತಿರುಗಿದರು.

ಅದೇ ಬಸ್ಸಿನ ಕಂಡಕ್ಟರು ಅವರ ಹೆಂಡತಿ. ಮೊದಲು ಕಂಡಕ್ಟರಾದರು, ನಾಲ್ಕು ವರ್ಷದ ಮೇಲೆ ಹೆಂಡತಿಯಾದರು. ಆದ್ದರಿಂದ ಮನೆಯಲ್ಲೂ ‘ಡ್ರೈವರ್ರೇ’, ‘ಕಂಡಕ್ಟ್ರೇ’ ಎಂದೇ ಮಾತು. ಡಿಪೋದ ನಿಯಮ ಗೊತ್ತಲ್ಲ: ಕಂಡಕ್ಟರು ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಉಳಿದವರು ಕನ್ನಡಿಯಲ್ಲಿ ಒಂದು ಕಣ್ಣು ಹಾಯಿಸಿ ತಾವೇ ಹೊರಟುಬಿಡುತ್ತಿದ್ದರು. ನಮ್ಮ ಡ್ರೈವರು ಮಾತ್ರ ಎರಡನೇ ಸೀಟಿ ಕಿವಿಗೆ ಬೀಳದೆ ಚಕ್ರ ಉರುಳಿಸಿದವರಲ್ಲ, ಹಿಂದಿನ ಲಾರಿಯವನು ಏಳು ತಲೆಮಾರಿನವರನ್ನೂ ಎಳೆದು ಬೈದರೂ ಸೈ. ಜನ ಕಿಕ್ಕಿರಿದು ಸೀಟಿಯನ್ನು ಬಾಯಿಗೆ ತರಲಾಗದ ಹೊತ್ತಿನಲ್ಲಿ ಕಂಡಕ್ಟರಮ್ಮ ಕೀಲಿಗೊಂಚಲಿನಿಂದ ಕಂಬಿಯ ಮೇಲೆ ಎರಡು ಸಲ ತಟ್ಟುತ್ತಿದ್ದರು. ಅದಕ್ಕೂ ಬಸ್ಸು ಹೊರಡುತ್ತಿತ್ತು. ಆ ಸೀಟಿ ಇವತ್ತಿಗೂ ಅದೇ ಗೊಂಚಲಿನಲ್ಲಿ, ಬೀರುವಿನ ಕೀಲಿಯ ಪಕ್ಕದಲ್ಲಿದೆ.

ಎಂಟು ತಿಂಗಳ ಹಿಂದೆ, ಒಂದು ಬೆಳಿಗ್ಗೆ, ಎಡಗಡೆಯಿಂದ ಬಂದ ಸೈಕಲ್ಲು ಡ್ರೈವರ ಕಣ್ಣಿಗೆ ಬೀಳಲೇ ಇಲ್ಲ. ಸೈಕಲ್ಲಿನವನು ಹಾರಿ ತಪ್ಪಿಸಿಕೊಂಡ, ಗೀರೂ ಆಗಲಿಲ್ಲ. ಆದರೆ ಡ್ರೈವರು ಆಸ್ಪತ್ರೆ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿದವರು ನೇರವಾಗಿ ಕಣ್ಣಿನ ಡಾಕ್ಟರ ಮುಂದೆ ಹೋಗಿ ಕೂತರು. ದೃಷ್ಟಿ ಅಂಚಿನಿಂದ ಮುಚ್ಚಿಕೊಂಡು ಬರುತ್ತಿದೆ ಎಂದರು ಡಾಕ್ಟರು. ಹನಿ ಹಾಕಿದರೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಎರಡು ವರ್ಷ, ಹೆಚ್ಚೆಂದರೆ ಮೂರು. ಡ್ರೈವರು ಅಂದೇ ಡಿಪೋಗೆ ಫೋನು ಮಾಡಿ ಬೇರೆ ಡ್ರೈವರನ್ನು ಕರೆಸಿದರು, ತಾವು ಹಿಂದಿನ ಸೀಟಿನಲ್ಲಿ ಕೂತು ಗುಡ್ಡ ಇಳಿದರು. ನಿವೃತ್ತಿಯ ವಯಸ್ಸಾಗಿದ್ದ ಕಂಡಕ್ಟರಮ್ಮನೂ ಅದೇ ತಿಂಗಳು ಕೆಲಸ ಬಿಟ್ಟರು.

ಮನೆಯಲ್ಲಿ ಕೂತ ಡ್ರೈವರನ್ನು ಸಂಭಾಳಿಸುವುದು ಸುಲಭವಲ್ಲ. ನೀರಿನ ಪಂಪು ಗುರ್ ಎಂದರೆ ಅವರ ಎಡಗಾಲು ನೆಲದ ಮೇಲೆ ಕ್ಲಚ್ ಹುಡುಕುತ್ತಿತ್ತು. ಊಟ ಸೇರುತ್ತಿರಲಿಲ್ಲ, ಪೇಪರು ಹಿಡಿಸುತ್ತಿರಲಿಲ್ಲ. ಕಂಡಕ್ಟರಮ್ಮ ಹೊರಗೆ ನಗುತ್ತಿದ್ದರು, ಒಳಗೆ ಹೆದರಿದ್ದರು. ಆಗ ಮಗಳು ತನ್ನ ಹಳೆ ಕಂಪ್ಯೂಟರನ್ನು ತಂದಿಟ್ಟಳು. ಜೊತೆಗೆ ಮೇಜಿಗೆ ಬಿಗಿಯುವ ಸ್ಟೇರಿಂಗು, ಕಾಲಿಗೆ ಮೂರು ಪೆಡಲು, ಮತ್ತು ಬಸ್ ಓಡಿಸುವ ಒಂದು ಆಟ.

ಡ್ರೈವರು ಸ್ಟೇರಿಂಗ್ ಹಿಡಿದದ್ದೇ ತಡ, ಎಂಟು ತಿಂಗಳ ಮುಖ ಬದಲಾಯಿತು. ಪರದೆ ಎದುರಿಗೇ ಇರುವುದರಿಂದ ಅಂಚು ಕಾಣಬೇಕಾದ ಗೋಜಿಲ್ಲ, ಸೈಕಲ್ಲಿನವನ ಜೀವಕ್ಕೆ ಭಯವಿಲ್ಲ. ಆದರೆ ಕಂಪ್ಯೂಟರು ಪಾಪ ಮುದಿಯಾಗಿತ್ತು. ಬಸ್ಸು ಮೊದಲು ಹೋಗುತ್ತಿತ್ತು, ರಸ್ತೆ ಆಮೇಲೆ ಬರುತ್ತಿತ್ತು. ತಿರುವು ಇತ್ತೆಂದು ತಿಳಿಯುತ್ತಿದ್ದುದು ಬಸ್ಸು ಹಳ್ಳಕ್ಕೆ ಬಿದ್ದ ಮೇಲೆ. ಜೀವಮಾನದಲ್ಲಿ ಒಂದು ಕನ್ನಡಿ ಒಡೆಯದವರು ಒಂದು ವಾರದಲ್ಲಿ ನಲವತ್ತು ಬಸ್ಸು ಉರುಳಿಸಿದರು. ಪರದೆಗೆ ಚಿತ್ರ ಬಿಡಿಸಿಕೊಡುವ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಸರಿಹೋಗುತ್ತದೆ, ಕಂಪ್ಯೂಟರ್ ರಿಪೇರಿಯ ಸ್ಕ್ರೂ ಅಕ್ಕನ ಅಂಗಡಿಗೆ ಒಯ್ಯಿರಿ ಎಂದಳು ಮಗಳು.

ಮರುದಿನ ಡ್ರೈವರು ಗಡ್ಡ ಹೆರೆದು, ಇಸ್ತ್ರಿ ಮಾಡಿದ ಡ್ಯೂಟಿ ಷರಟು ತೊಟ್ಟು, ಮಹಡಿಯ ಮೇಲಿನ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಹಾಜರು. ಬಸ್ಸಿನಲ್ಲಿ ಬರುವಾಗ ಕಂಪ್ಯೂಟರಿನ ಡಬ್ಬವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದರು. ಹೊಸ ಡ್ರೈವರು ಗಕ್ಕನೆ ಬ್ರೇಕ್ ಹಾಕಿದಾಗಲೆಲ್ಲ ಚ್ಚ್ ಎಂದು, ಡಬ್ಬವನ್ನು ಎದೆಗೆ ಅವಚಿಕೊಂಡಿದ್ದರು. ಕಂಡಕ್ಟರಮ್ಮ ಸ್ಟೇರಿಂಗಿನ ಚೀಲ ಹಿಡಿದು ಹಿಂದೆ ಬಂದರು.

ಸ್ಕ್ರೂ ಅಕ್ಕನ ತುರುಬಿನಲ್ಲಿ ಯಾವಾಗಲೂ ಒಂದು ಸ್ಕ್ರೂಡ್ರೈವರ್ ಸಿಕ್ಕಿಸಿರುತ್ತಿತ್ತು. ಅದನ್ನು ಕಿತ್ತು, ಡಬ್ಬ ಬಿಚ್ಚಿ, ಒಂದು ಹಿಡಿ ದೂಳು ತೆಗೆದಳು. ಒಳಗೆ ಹಸಿರು ಬೋರ್ಡಿನ ಮೇಲೆ ಕಂದು ಬಣ್ಣದ ಒಂದು ಉದ್ದ ಸ್ಲಾಟು. ಕಾರ್ಡ್ ಕೂರುವ ಜಾಗ ಅದು, ಎಜಿಪಿ ಎನ್ನುತ್ತಾರೆ, ಹಳೆಯ ಪದ್ಧತಿ ಎಂದಳು. ಈಗ ಬರುತ್ತಿರುವುದು ಪಿಸಿಐ ಎಕ್ಸ್‌ಪ್ರೆಸ್. ಅದರ ಕಾರ್ಡ್ ಇದರಲ್ಲಿ ಕೂರುವುದಿಲ್ಲ, ಒತ್ತಿ ಕೂರಿಸಲೂ ಬಾರದು. ಅದು ಬೇಕೆಂದರೆ ಬೋರ್ಡು, ಪ್ರೊಸೆಸರು, ಮೆಮೊರಿ ಎಲ್ಲ ಬದಲಾಗಬೇಕು. ಉಳಿಯುವುದು ಡಬ್ಬ ಮತ್ತು ಡಿಸ್ಕು. ಆದರೂ ಅದೇ ಸರಿ ಎಂಬುದು ಅವಳ ತೀರ್ಮಾನ. ಈ ಹಳೇ ಬೋರ್ಡಿಗೆ ಒಳ್ಳೆಯ ಕಾರ್ಡ್ ಹಾಕುವುದೆಂದರೆ ಮೂಗಿಗಿಂತ ಮೂಗುತಿ ಭಾರ ಎಂದುಬಿಟ್ಟಳು.

ಹಳೆಯದನ್ನು ಹಾಗೆ ಹೀಗಳೆದದ್ದು ಡ್ರೈವರಿಗೆ ನಾಟಿತು. ಹದಿನಾಲ್ಕು ವರ್ಷ ಒಂದೇ ಎಂಜಿನ್ನಿನಲ್ಲಿ ಗುಡ್ಡ ಹತ್ತಿದವರು ಅವರು. ಟ್ರಯಲ್ ನೋಡದೆ ಡಿಪೋದಿಂದ ಗಾಡಿ ಹೊರಗೆ ತೆಗೆದವನಲ್ಲ, ಎರಡನ್ನೂ ಓಡಿಸಿ ನೋಡಿಯೇ ಹೇಳುತ್ತೇನೆ ಎಂದು ಕುರ್ಚಿ ಎಳೆದು ಕೂತರು. ಸ್ಕ್ರೂ ಅಕ್ಕನಿಗೂ ಹುರುಪು ಬಂತು. ಒಂದೇ ಬಗೆಯ ಚಿಪ್ ಇದ್ದ ಎರಡು ಕಾರ್ಡು ಅವಳಲ್ಲಿದ್ದವು, ಒಂದು ಹಳೇ ಸ್ಲಾಟಿಗೆ, ಒಂದು ಹೊಸದಕ್ಕೆ. ಹಳೆಯದನ್ನು ಡ್ರೈವರ ಕಂಪ್ಯೂಟರಿಗೂ, ಹೊಸದನ್ನು ಹೆಚ್ಚುಕಡಿಮೆ ಅಷ್ಟೇ ಶಕ್ತಿಯ ಅಂಗಡಿಯ ಕಂಪ್ಯೂಟರಿಗೂ ಹಾಕಿದಳು. ಒಂದೇ ಆಟ, ಒಂದೇ ಬೆಟ್ಟದ ದಾರಿ, ಐದು ಸ್ಟಾಪು, ಕೈಯಲ್ಲಿ ಗಡಿಯಾರ.

ಮೊದಲು ಹೊಸದು. ಡ್ರೈವರು ಗೇರ್ ಹಾಕಿದರು. ಅಯ್ಯೋ, ಅದೇನು ರಸ್ತೆ! ಒಂದೊಂದು ಎಲೆ, ಒಂದೊಂದು ಕಲ್ಲು, ತಿರುವಿನಾಚೆ ಬರುವ ಲಾರಿಯ ದೀಪ, ಎಲ್ಲ ಬರಬೇಕಾದ ಹೊತ್ತಿಗೆ ಸರಿಯಾಗಿ ಬಂತು. ಅವರ ಭುಜ ಇಳಿಯಿತು, ಕೈ ಸಡಿಲವಾಯಿತು, ಬಾಯಲ್ಲಿ ಸಣ್ಣಗೆ ಹಾಡು. ಬಸ್ಸು ಐದು ಸ್ಟಾಪಿನಲ್ಲೂ ಬೆಣ್ಣೆಯ ಹಾಗೆ ನಿಂತಿತು, ಹೊರಟಿತು. ಹನ್ನೊಂದು ನಿಮಿಷ. ಹಿಂದೆ ನಿಂತಿದ್ದ ಕಂಡಕ್ಟರಮ್ಮನಿಗೆ ಗಂಡನ ಕತ್ತಿನ ಹಿಂಭಾಗ ನೋಡಿಯೇ ಕಣ್ಣು ತುಂಬಿತು. ಇಪ್ಪತ್ತಾರು ವರ್ಷ ನೋಡಿದ ಕತ್ತು ಅದು.

ಆಮೇಲೆ ಹಳೆಯದು. ಅಷ್ಟರಲ್ಲಿ ಮಗಳ ಫೋನು ಬಂತು, ಕಂಡಕ್ಟರಮ್ಮ ಮಾತಾಡಲು ಮೆಟ್ಟಿಲಿಗೆ ಹೋದರು. ಸ್ಕ್ರೂ ಅಕ್ಕನಿಗೂ ಬೇರೊಬ್ಬ ಗಿರಾಕಿ. ಅವಳು ತಿರುಗಿ ಬಂದು ನೋಡುತ್ತಾಳೆ, ನಾಲ್ಕು ನಿಮಿಷವಾದರೂ ಬಸ್ಸು ಮೊದಲನೇ ಸ್ಟಾಪಿನಲ್ಲೇ ಇದೆ. ಪರದೆಯ ಮೇಲೆ ಒಂದು ಎಲೆಯೂ ಅಲುಗುತ್ತಿಲ್ಲ. ಯಾಕೆ ನಿಂತಿದೆ ಎಂದು ಕೇಳಿದಳು. ಗಾಡಿ ಇನ್ನೂ ಹೊರಟಿಲ್ಲ ಎಂದರು ಡ್ರೈವರು, ಬಹಳ ನೆಮ್ಮದಿಯಿಂದ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು.

“ನಾನು ಹೇಳ್ಲಿಲ್ವಾ ಯಜಮಾನ್ರೇ? ಕಂಪ್ಯೂಟರು ಹ್ಯಾಂಗಾಗಿದೆ. ಹಳೇದರ ಹಣೆಬರಹವೇ ಇಷ್ಟು.”

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಎಂಜಿನ್ನಿನ ಸದ್ದು ಬರುತ್ತಲೇ ಇತ್ತು, ಅದು ಅವಳ ಕಿವಿಗೆ ಬೀಳಲಿಲ್ಲ. ಡ್ರೈವರಿಗೂ ಯಂತ್ರದ ಮಾತಿನಲ್ಲಿ ಅವಳ ಮೇಲೆ ನಂಬಿಕೆ, ಮುಖ ಸಪ್ಪಗೆ ಮಾಡಿಕೊಂಡು ಕೂತರು. ಅವಳು ಬಟನ್ ಒತ್ತಿ ಆರಿಸಲು ಕೈ ಚಾಚಿದ್ದಳು. ಅಷ್ಟರಲ್ಲಿ ಒಳಗೆ ಬಂದ ಕಂಡಕ್ಟರಮ್ಮ ಪರದೆ ನೋಡಿದರು, ಗಂಡನ ಕಾಲು ನೋಡಿದರು, ಕೀಲಿಗೊಂಚಲಿನಿಂದ ಮೇಜಿನ ಮೇಲೆ ಎರಡು ಸಲ ತಟ್ಟಿದರು.

ಬಸ್ಸು ಹೊರಟಿತು.

ಸ್ಕ್ರೂ ಅಕ್ಕ ಬಾಯಿ ಬಿಟ್ಟುಕೊಂಡು ನಿಂತಳು. ಮೊದಲ ಟ್ರಿಪ್ಪಿನಲ್ಲಿ ಸ್ಟಾಪು ಬಂದಾಗಲೆಲ್ಲ ಕಂಡಕ್ಟರಮ್ಮ ತಮಗೇ ಅರಿವಿಲ್ಲದೆ ಮೇಜು ತಟ್ಟಿದ್ದರು, ಡ್ರೈವರು ಅರಿವಿಲ್ಲದೆ ಹೊರಟಿದ್ದರು. ಕಂಡಕ್ಟರಮ್ಮ ವಿಷಯ ಬಿಚ್ಚಿ ಹೇಳಿದಾಗ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಳಗಿನ ಅಂಗಡಿಯವರು ಇಣುಕಿ ನೋಡಿಹೋದರು. ಹಳೆಯದನ್ನು ಮೊದಲಿಂದ ಮತ್ತೆ ಓಡಿಸಿದರು, ಈ ಸಲ ತಟ್ಟಿಸಿಕೊಂಡು. ಹನ್ನೊಂದು ನಿಮಿಷ, ಮೇಲೆ ಆರು ಸೆಕೆಂಡು. ಎಲೆಯೂ ಅದೇ, ಕಲ್ಲೂ ಅದೇ.

ಸ್ಕ್ರೂ ಅಕ್ಕ ತಪ್ಪಾಯಿತೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಳು. ಇಂತಹ ಅಂಗಡಿಯವರು ಊರಿಗೊಬ್ಬರಿದ್ದರೆ ಸಾಕು. ಸ್ಲಾಟ್ ಎಂದರೆ ರಸ್ತೆ, ಕಾರ್ಡ್ ಎಂದರೆ ಬಸ್ಸು ಎಂದು ಮತ್ತೆ ಬಿಡಿಸಿ ಹೇಳಿದಳು. ಹೊಸ ರಸ್ತೆ ಎರಡು ಪಟ್ಟು ಅಗಲ. ಆದರೆ ಇವತ್ತಿನ ಬಸ್ಸಿಗೆ ಹಳೇ ರಸ್ತೆಯೇ ಸಾಕಷ್ಟಿದೆ, ರಸ್ತೆ ಅಗಲವಾದ ಮಾತ್ರಕ್ಕೆ ಅದೇ ಬಸ್ಸು ಜೋರಾಗಿ ಓಡುವುದಿಲ್ಲ. ವ್ಯತ್ಯಾಸ ಇರುವುದು ನಾಳೆಗೆ. ಇನ್ನು ಬರುವ ದೊಡ್ಡ ಬಸ್ಸುಗಳೆಲ್ಲ ಹೊಸ ರಸ್ತೆಗೇ. ಮೂರು ನಾಲ್ಕು ವರ್ಷ ಹೋದರೆ ಹೊಸ ಆಟ ಹಳೆಯದರಲ್ಲಿ ಓಡದು, ಅದಕ್ಕೆ ಕಾರ್ಡೂ ಸಿಗದು. ಹಾಗೆಂದು ಕೊನೆಗೆ ಒಂದು ಪ್ರಶ್ನೆ ಕೇಳಿದಳು, ಅವಳಿಗೆ ಕಣ್ಣಿನ ಸಂಗತಿ ಗೊತ್ತಿರಲಿಲ್ಲ.

“ನೀವು ಎಷ್ಟು ವರ್ಷ ಓಡಿಸ್ಬೇಕು ಅಂತಿದೀರಿ?”

ಡ್ರೈವರು ಸ್ಟೇರಿಂಗಿನ ಮೇಲಿನ ದೂಳನ್ನು ಹೆಬ್ಬೆರಳಿನಿಂದ ಒರೆಸಿದರು. ಇಲ್ಲದ ದೂಳು ಅದು. ಎರಡು ವರ್ಷ ಎಂದರು. ಕಣ್ಣು ಅಷ್ಟೇ ದಿನ ಇರುತ್ತದಂತೆ, ಹಳೆಯದೇ ಸಾಕು, ನನಗೂ ಅದಕ್ಕೂ ಜೋಡಿ ಸರಿಹೋಗುತ್ತದೆ ಎಂದು ನಗಲು ನೋಡಿದರು. ನಗು ಬರಲಿಲ್ಲ. ಬೆಳಿಗ್ಗೆಯಿಂದ ಕುಣಿಯುತ್ತಿದ್ದ ಮನುಷ್ಯ ಒಂದೇ ಮಾತಿಗೆ ಮುದುಕರಾದರು.

ಸ್ಕ್ರೂ ಅಕ್ಕ ಸ್ಕ್ರೂಡ್ರೈವರನ್ನು ತುರುಬಿಗೆ ಸಿಕ್ಕಿಸಿಕೊಂಡಳು. ಕಂಡಕ್ಟರಮ್ಮ ಮಾತ್ರ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ಏಳಿ ಡ್ರೈವರ್ರೇ. ಒಂದು ಟ್ರಿಪ್ ನಾನು ಓಡಿಸ್ತೀನಿ.”

ಇಪ್ಪತ್ತಾರು ವರ್ಷದಲ್ಲಿ ಅವರು ಒಂದು ದಿನವೂ ಕೇಳದಿದ್ದ ಮಾತು ಇದು. ಡ್ರೈವರು ಗಾಬರಿಯಿಂದಲೇ ಎದ್ದರು. ಕಂಡಕ್ಟರಮ್ಮ ಕೂತು ಗೇರ್ ಹಾಕಿದರು. ಬಸ್ಸು ಕಪ್ಪೆಯಂತೆ ಕುಪ್ಪಳಿಸಿ ಆಫಾಯಿತು. ಮತ್ತೆ ಹಾಕಿದರು, ದೀಪದ ಕಂಬಕ್ಕೆ ಸವರಿಕೊಂಡು ಹೊರಟಿತು. ಹಿಂದೆ ನಿಂತ ಡ್ರೈವರಿಗೆ ಮೊದಮೊದಲು ಜೀವ ಬಾಯಿಗೆ ಬಂದಿತ್ತು. ಎರಡನೇ ತಿರುವಿನ ಹೊತ್ತಿಗೆ ಅವರಿಗೆ ಒಂದು ಸಂಗತಿ ಹೊಳೆಯಿತು. ಅವರು ಕಣ್ಣು ಮುಚ್ಚಿಕೊಂಡರು. ಎಂಜಿನ್ನಿನ ಸದ್ದು ಕೇಳಿಸಿತು, ಟಯರು ಜಾರುವ ಸದ್ದು ಕೇಳಿಸಿತು, ಏರು ಎಲ್ಲಿ ಬಿಗಿಯಾಯಿತೆಂಬುದು ಕೂಡ.

“ಎಂಜಿನ್ನಿಗೆ ಉಸಿರು ಕಟ್ತಾ ಇದೆ ನೋಡಿ ಕಂಡಕ್ಟ್ರೇ, ಗೇರ್ ಇಳಿಸಿ. ಹಾಂ. ಈಗ ಕಾಲು ತೆಗೀರಿ, ತಾನಾಗೇ ತಿರುಗುತ್ತೆ.”

ಬಸ್ಸು ತಿರುಗಿತು, ನುಣುಪಾಗಿ. ಸ್ಕ್ರೂ ಅಕ್ಕ ಗಿರಾಕಿಗಳನ್ನು ಮರೆತು ಸ್ಟೂಲಿನ ತುದಿಯಲ್ಲಿ ಕೂತಿದ್ದಳು. ಡ್ರೈವರು ಕಣ್ಣು ಮುಚ್ಚಿಕೊಂಡೇ ಹೇಳುತ್ತಾ ಹೋದರು, ದನಿ ಏರುತ್ತಾ ಹೋಯಿತು. ನಾಲ್ಕನೇ ತಿರುವಿನಾಚೆ ಸ್ಟಾಪು. ಬ್ರೇಕನ್ನು ಹೇಗೆ ಹಾಕಬೇಕೆಂದು ಹೇಳಲಿಲ್ಲ, ಹೆಂಡತಿಯ ಭುಜದ ಮೇಲೆ ಅಂಗೈಯಿಟ್ಟು ಮೆಲ್ಲಗೆ ಒತ್ತಿ ತೋರಿಸಿದರು. ಬಸ್ಸು ಬೆಣ್ಣೆಯಂತಲ್ಲದಿದ್ದರೂ ಗಟ್ಟಿ ಬೆಣ್ಣೆಯಂತೆ ನಿಂತಿತು.

ನಿಂತದ್ದು ಹೊರಡಲಿಲ್ಲ. ಅರ್ಧ ನಿಮಿಷವಾಯಿತು, ಒಂದು ನಿಮಿಷವಾಯಿತು. ಡ್ರೈವರು ಕಣ್ಣು ತೆರೆದರು. ಕಂಡಕ್ಟರಮ್ಮ ಬ್ರೇಕಿನ ಮೇಲೆ ಕಾಲಿಟ್ಟು, ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ಎದುರಿಗೆ ನೋಡುತ್ತಾ ಕೂತಿದ್ದರು. ಸ್ಕ್ರೂ ಅಕ್ಕ ಈ ಸಲ ಹ್ಯಾಂಗಾಗಿದೆ ಎನ್ನಲಿಲ್ಲ.

ಡ್ರೈವರು ಮೇಜಿನ ಮೇಲಿನ ಕೀಲಿಗೊಂಚಲನ್ನು ತಡವಿ ತೆಗೆದುಕೊಂಡರು. ಜನ್ಮದಲ್ಲಿ ಸೀಟಿ ಊದಿದವರಲ್ಲ ಅವರು. ಮೊದಲನೆಯದು ಬರೀ ಗಾಳಿಯಾಯಿತು. ಮತ್ತೆ ಎದೆ ತುಂಬ ಉಸಿರೆಳೆದುಕೊಂಡು ಊದಿದರು, ಎರಡು ಸಲ, ಕೆಳಗಿನ ಬೀದಿಗೂ ಕೇಳುವ ಹಾಗೆ. ಬಸ್ಸು ಹೊರಟಿತು.

ಸೀಟಿಯನ್ನು ಕೈಯಲ್ಲೇ ಹಿಡಿದುಕೊಂಡು ಡ್ರೈವರು ಸ್ಕ್ರೂ ಅಕ್ಕನ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ ನೀರಿತ್ತು, ಮುಖದಲ್ಲಿ ಬೆಳಗಿನ ಹುರುಪು ಅಷ್ಟೂ ವಾಪಸು ಬಂದಿತ್ತು.

“ಹೊಸದೇ ಹಾಕಮ್ಮ. ನಮ್ಮ ಡ್ರೈವರಿಗೆ ಇನ್ನೂ ತುಂಬಾ ವರ್ಷ ಸರ್ವೀಸಿದೆ.”