ನಾನು ಯಾರ ದಾರಿಯನ್ನೂ ಕಾಯುತ್ತಿರಲಿಲ್ಲ

ಗೆಳೆಯರೇ, ಇನ್ನೂ ಮೈ ಉರಿಯುತ್ತಿದೆ. ಇಲ್ಲಿ ಅಮೆರಿಕದಲ್ಲಿ ನಮ್ಮ ರಾಚೆಸ್ಟರ್ ಹಿಲ್ಸ್‌ನ ಕನ್ನಡ ಸಂಘದವರು ಸಂಕ್ರಾಂತಿಗೆ ಫ್ಯಾಷನ್ ಶೋ ಮಾಡಿದ್ದರಲ್ಲ, ಇಂದು ಅದರ ಫೋಟೋ ಪ್ರದರ್ಶನ. ತೆಗೆದವರು ಶ್ರೀಧರ್ ಅಂಕಲ್.

ಗಂಡಸರೆಲ್ಲ ಕಲರ್‌ನಲ್ಲಿ ಹಲ್ಲು ಕಿರಿಯುತ್ತಿದ್ದರು. ಹೆಂಗಸರು ಮಾತ್ರ ಬ್ಲಾಕ್ ಅಂಡ್ ವೈಟ್‌ನಲ್ಲಿ, ಸಾವಿನ ಮನೆಯಲ್ಲಿ ಕೂತವರ ಹಾಗೆ. ನನ್ನ ಗಿಳಿಹಸಿರು ಮೈಸೂರು ಸಿಲ್ಕ್ ಬೂದಿಯಾಗಿತ್ತು. ನಾನು ಕಿಟಕಿಯಾಚೆ ನೋಡುತ್ತಿದ್ದ ಫೋಟೋದ ಕೆಳಗೆ ‘ಇನಿಯನ ದಾರಿ ಕಾಯುತ್ತಾ’ ಎಂದು ಬರೆದಿದ್ದರು. ಅವತ್ತು ನಾನು ನೋಡುತ್ತಿದ್ದದ್ದು ಹಿಮದಲ್ಲಿ ಹೂತುಹೋಗಿದ್ದ ನನ್ನ ಕಾರನ್ನು. ಆಸ್ಪತ್ರೆಗೆ ಡ್ಯೂಟಿಗೆ ಹೊರಡಬೇಕಿತ್ತು.

“ಅಂಕಲ್, ನಾನು ನಗ್ತಿದ್ದ ಫೋಟೋನೂ ತೆಗೆದಿದ್ರಲ್ಲ, ಅದೆಲ್ಲಿ?”

“ಅದರಲ್ಲಿ ಆರ್ಟ್ ಇಲ್ಲಮ್ಮ. ಬ್ಲಾಕ್ ಅಂಡ್ ವೈಟ್ ಅಂದ್ಮೇಲೆ ಹೆಣ್ಣಿನ ಮುಖದಲ್ಲಿ ಸ್ವಲ್ಪ ನೋವು ಕಾಣ್ಬೇಕು.”

“ನಮ್ಮನೆಯವ್ರು ಲೇಆಫ್ ಆಗಿ, ಕೆಲ್ಸ ಹೋಗಿ ಮನೇಲೇ ಇದಾರೆ. ನಾನು ಯಾರಿಗೆ ಕಾಯ್ಲಿ?”

“ಅಯ್ಯೋ, ಫೋಟೋದಲ್ಲಿ ಅದೆಲ್ಲ ಯಾರಿಗೆ ಗೊತ್ತಾಗುತ್ತೆ ಬಿಡಮ್ಮ!”

ಅಂಕಲ್‌ಗೆ ನೋವಿನ ಮುಖವೇ ಬೇಕಿದ್ದರೆ ನಾಳೆ ಸಂಜೆ ನಮ್ಮ ಮನೆಗೆ ಬರಲಿ. ಅಡುಗೆ ಮುಗಿಸಿ, ನನ್ನ ಕಾರು ಇನ್ನೂ ಬರಲಿಲ್ಲವಲ್ಲ ಎಂದು ಕಿಟಕಿಯಲ್ಲಿ ನಿಂತಿರುವ ನನ್ನ ಗಂಡನ ಫೋಟೋ ತೆಗೆಯಲಿ. ಬ್ಲಾಕ್ ಅಂಡ್ ವೈಟ್‌ನಲ್ಲೇ.