ಯದುಗಿರಿ ಮೇಡಂ ಬಿಡದ ಎರಡು ಬೀಜ

ನಿವೃತ್ತ ಗಣಿತದ ಮೇಡಂ ಯದುಗಿರಿಯವರು ಪೋಕರ್ ಆಡುತ್ತಾರೆಂದರೆ ಅರಸೀಕೆರೆಯಲ್ಲಿ ಯಾರೂ ನಂಬುವುದಿಲ್ಲ. ಕಣ್ಣಾರೆ ಕಂಡ ದಿನ ನಾನೇ ಬೆಚ್ಚಿಬಿದ್ದಿದ್ದೆ. ಭಾನುವಾರ ಮಧ್ಯಾಹ್ನ, ಜಗಲಿಯ ಮೇಲೆ ಚಾಪೆ, ಪಣಕ್ಕೆ ಹುಣಸೆಬೀಜ. ಸ್ಮಾಲ್ ಬ್ಲೈಂಡ್ ಸರದಿ ಬಂದವರು ತಮ್ಮ ಇಸ್ಪೀಟೆಲೆ ನೋಡುವ ಮೊದಲೇ ಎರಡು ಬೀಜ ಇಡಬೇಕು. ಆಮೇಲೆ ಕೆಟ್ಟ ಎಲೆ ಕಂಡರೆ ನಾವೆಲ್ಲ ಆ ಎರಡನ್ನು ಬಿಟ್ಟು ಸುಮ್ಮನಾಗುತ್ತೇವೆ. ಮೇಡಂ ಬಿಡುವವರಲ್ಲ. ಅವರ ಮುಂದಿನ ಬೀಜದ ರಾಶಿ ಧಾರಾಳವಾಗಿ ಸುರಿಯುವಷ್ಟು ದೊಡ್ಡದೂ ಅಲ್ಲ, ಇದ್ದದ್ದನ್ನೆಲ್ಲ ಪಣಕ್ಕಿಡಬೇಕಾದಷ್ಟು ಚಿಕ್ಕದೂ ಅಲ್ಲ. ಆದರೂ ಎರಡು, ಏಳಿನಂಥ ದರಿದ್ರ ಎಲೆ ಹಿಡಿದು ಮತ್ತಷ್ಟು ಬೀಜ ಸುರಿಯುತ್ತಾರೆ. “ನೋಡದೇ ಇಟ್ಟಿದ್ದಾದ್ರೂ ಇಟ್ಟಿದ್ದು ನಾನೇ ತಾನೇ? ಬಿಡೋದು ಹೇಗ್ರೀ?” ಎನ್ನುತ್ತಾರೆ. ಆಟದಾಚೆಗೂ ಹಾಗೇ: ಮಾಲೇಕಲ್ಲಿನ ಬಸ್ಸಿಗೆ ಒಂದು ಗಂಟೆ ಕಾದರೆಂದರೆ ಎದುರಿಗೇ ಆಟೊ ಬಂದು ನಿಂತರೂ ಹತ್ತುವುದಿಲ್ಲ, ಉಪ್ಪು ಹೆಚ್ಚಾದ ಪುಳಿಯೋಗರೆಯನ್ನು ತಿಂದೇ ಮುಗಿಸುತ್ತಾರೆ, ಮೂವತ್ತೆಂಟು ವರ್ಷದಿಂದ ಮುಖ ಕೊಟ್ಟು ಮಾತಾಡದ ಗಂಡನ ಮುಂದೆ ದಿನಾ ಕಾಫಿ ಇಡುತ್ತಾರೆ. ಮೊನ್ನೆ ಸ್ಮಾಲ್ ಬ್ಲೈಂಡ್ ಸರದಿ ಮೇಡಂದೇ; ಎರಡು ಬೀಜ ಇಟ್ಟಾಗಿತ್ತು. ಎಲೆ ಹಂಚುತ್ತಿದ್ದ ಅವರ ತಮ್ಮನ ಮಗಳು ಮೇಧಿನಿ, ನಿಶ್ಚಿತಾರ್ಥ ಮುಗಿದ ಹುಡುಗಿ, ಮೆಲ್ಲಗೆ, “ಹುಡುಗ ಫೋನಲ್ಲಿ ಮಾತಾಡೋ ರೀತಿ ನೋಡಿದ್ರೆ ಭಯ ಆಗುತ್ತೆ ಅತ್ತೆ. ಆದ್ರೆ ಒಪ್ಪಿ ಆಯ್ತಲ್ಲ, ಇನ್ನು ಬಿಡೋದು ಹೇಗೆ?” ಎಂದಳು. ಮೇಡಂ ತಮ್ಮ ಎಲೆಗಳನ್ನು ಕವುಚಿ ಹಾಕಿ, ಇಟ್ಟಿದ್ದ ಆ ಎರಡು ಬೀಜವನ್ನು ಅವಳ ಕಡೆ ತಳ್ಳಿಬಿಟ್ಟರು. “ಹೀಗೆ ಬಿಡೋದು ಕಣೇ,” ಎಂದರು.